ಜೈಲಿಂದ ಕೋರ್ಟ್ ಮೆಟ್ಟಿಲು ಹತ್ತೋಕೆ 350 ಡಾಲರ್

ಅಮೆರಿಕದ ಫೆಡರಲ್ ಕೋರ್ಟಲ್ಲಿ, ಅಂದ್ರೆ ಕೇಂದ್ರ ಸರ್ಕಾರದ ಕೋರ್ಟಲ್ಲಿ, ಒಂದು ಸಿವಿಲ್ ಕೇಸ್ ಹಾಕಬೇಕು ಅಂದ್ರೆ ಈಗ 405 ಡಾಲರ್ ಕಟ್ಟಬೇಕು. ಅದ್ರಲ್ಲಿ 350 ಕಾನೂನಲ್ಲೇ ಬರೆದಿರೋ ಫೈಲಿಂಗ್ ಫೀ, ಮಿಕ್ಕ 55 ಆಡಳಿತದ ಖರ್ಚು ಅಂತ ಸೇರಿಸ್ತಾರೆ, 2023ರ ಡಿಸೆಂಬರಿಂದ ಈ ರೇಟು. ದುಡ್ಡಿಲ್ಲದೋರು ಏನ್ ಮಾಡ್ಬೇಕು ಅಂದ್ರೆ, ನಮ್ಮೂರಲ್ಲಿ ಪಾಪರ್ ದಾವೆ ಅಂತೀವಲ್ಲ ಅದೇ ಥರದ್ದು ಇಲ್ಲೂ ಇದೆ, 1892ರಿಂದಾನೂ ಇದೆ. ನನ್ನ ಆದಾಯ ಇಷ್ಟು, ಬಾಡಿಗೆ ಇಷ್ಟು, ಬ್ಯಾಂಕಲ್ಲಿರೋದು ಇಷ್ಟು ಅಂತ ಅಫಿಡವಿಟ್ ಕೊಟ್ಟು ಕೇಳ್ಕೋಬೇಕು, ಜಡ್ಜ್ ಒಪ್ಪಿದ್ರೆ ಆಯ್ತು, ಫೀ ಒಂದು ಪೈಸೆನೂ ಕಟ್ಟಬೇಕಾಗಿಲ್ಲ. ಆದ್ರೆ ಅದೇ ಬಡವ ಜೈಲಲ್ಲಿದ್ರೆ ಮಾತ್ರ ಲೆಕ್ಕ ಬೇರೆ. ಅವನ ಅರ್ಜಿ ಒಪ್ಪಿದ್ರೂ ಮಾಫಿ ಇಲ್ಲ. ಆ 55 ಡಾಲರ್ ಬಿಡ್ತಾರೆ, 350 ಪೂರ್ತಿ ವಸೂಲಿ ಮಾಡ್ತಾರೆ, ಕಂತಲ್ಲಿ, ಎಷ್ಟು ವರ್ಷ ಹಿಡಿದ್ರೂ ಸರಿ.

ಇದು ನಂಗೆ ಹೇಗೆ ಗೊತ್ತಾಯ್ತು ಅಂದ್ರೆ, ನಾನು ಲಾಯರ್ ಅಲ್ಲ, ಇಲ್ಲಿ ಕೈದಿಗಳಿಗೆ ಪುಸ್ತಕ ಕಳಿಸೋ ಒಂದು ಸಣ್ಣ ಗುಂಪಲ್ಲಿ ಬಿಡುವಾದಾಗ ಹೋಗಿ ಕೆಲಸ ಮಾಡ್ತೀನಿ, ಬಂದ ಕಾಗದ ಓದೋದು, ಕೇಳಿರೋ ಪುಸ್ತಕ ಹುಡುಕಿ ಪ್ಯಾಕ್ ಮಾಡೋದು. ಅತಿ ಹೆಚ್ಚು ಕೇಳೋದು ಡಿಕ್ಷನರಿ. ಅದಾದ್ಮೇಲೆ ಕಾನೂನಿನ ಪುಸ್ತಕ. ಹಳದಿ ಲೀಗಲ್ ಪ್ಯಾಡ್ ಹಾಳೇಲಿ ಅಂಚಿನವರೆಗೂ ಒಂಚೂರು ಜಾಗ ಬಿಡದೆ ಬರ್ದಿರ್ತಾರೆ, ಯಾಕಂದ್ರೆ ಆ ಹಾಳೇನೂ ದುಡ್ಡು ಕೊಟ್ಟೇ ತಗೋಬೇಕು. ಹಾಗೆ ಬಂದ ಒಂದು ಕಾಗದದಲ್ಲಿ ಒಬ್ರು ಬರ್ದಿದ್ರು, ನನ್ನ ಕೇಸ್ ವಜಾ ಆಗಿ ಎಷ್ಟೋ ಕಾಲ ಆಯ್ತು, ಇನ್ನೂ ಪ್ರತಿ ತಿಂಗಳು ದುಡ್ಡು ಮುರ್ಕೊಳ್ತಾನೇ ಇದಾರೆ, ಇದು ಯಾವ ಕಾನೂನು, ಯಾವಾಗ ಮುಗಿಯತ್ತೆ ಅಂತ ತಿಳ್ಕೊಳೋಕೆ ಒಂದು ಪುಸ್ತಕ ಕಳಿಸ್ತೀರಾ ಅಂತ. ಅವತ್ತು ಉತ್ತರ ಹುಡುಕೋಕೆ ಕೂತಿದ್ದು, ಓದ್ತಾ ಓದ್ತಾ ಹೊಟ್ಟೆ ಉರಿಯೋಕೆ ಶುರುವಾಯ್ತು, ಅದಕ್ಕೇ ಇಲ್ಲಿ ಬರೀತಿದೀನಿ.

ಕಾನೂನಿನ ಹೆಸರು ಪ್ರಿಸನ್ ಲಿಟಿಗೇಷನ್ ರಿಫಾರ್ಮ್ ಆಕ್ಟ್. 1996ರ ಏಪ್ರಿಲ್ 26ಕ್ಕೆ ಬಿಲ್ ಕ್ಲಿಂಟನ್ ಸಹಿ ಹಾಕಿದ್ದು. ಅದೂ ಬೇರೆ ಬಿಲ್ಲಾಗಿ ಬಂದಿದ್ದಲ್ಲ, ಸರ್ಕಾರದ ಖರ್ಚಿಗೆ ದುಡ್ಡು ಮಂಜೂರು ಮಾಡೋ ಒಂದು ದೊಡ್ಡ ಬಿಲ್ಲಿನ ಹೊಟ್ಟೇಲಿ ಸೇರಿಸಿ ಪಾಸ್ ಮಾಡಿಸ್ಕೊಂಡಿದ್ದು. ಆಗ ಫೈಲಿಂಗ್ ಫೀ 120 ಡಾಲರ್ ಇತ್ತು. ಆಮೇಲೆ 150 ಆಯ್ತು, 250 ಆಯ್ತು, 2006ರಲ್ಲಿ 350ಕ್ಕೆ ಬಂತು. ಜೈಲಲ್ಲಿ ಕೊಡೋ ಕೂಲಿ ಮಾತ್ರ ಆ ಥರ ಏರಲಿಲ್ಲ.

ವಸೂಲಿ ಹೇಗೆ ಮಾಡ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ವಿಷಯ ಇರೋದೇ ಇಲ್ಲಿ. ಜೈಲಲ್ಲಿ ಪ್ರತಿಯೊಬ್ಬರಿಗೂ ಒಂದು ಖಾತೆ ಇರತ್ತೆ. ಮನೆಯೋರು ಕಳಿಸಿದ ದುಡ್ಡು, ಜೈಲಲ್ಲಿ ದುಡಿದ ಕೂಲಿ ಎಲ್ಲ ಅದಕ್ಕೇ ಬೀಳತ್ತೆ. ಕೇಸ್ ಹಾಕುವಾಗ ಹಿಂದಿನ ಆರು ತಿಂಗಳ ಸ್ಟೇಟ್‌ಮೆಂಟನ್ನ ಜೈಲಿನ ಅಧಿಕಾರಿ ಹತ್ರ ದೃಢೀಕರಿಸಿಕೊಂಡು ಅರ್ಜಿ ಜೊತೆ ಲಗತ್ತಿಸಬೇಕು. ಗಮನಿಸಿ, ಯಾರ ಮೇಲೆ ಕೇಸ್ ಹಾಕ್ತಿದಾನೋ ಎಷ್ಟೋ ಸಲ ಅದೇ ಜೈಲಿನೋರ ಹತ್ರಾನೇ ಹೋಗಿ ಆ ಕಾಗದ ಕೇಳಬೇಕು. ಕೋರ್ಟು ಆ ಆರು ತಿಂಗಳ ಸರಾಸರಿ ಜಮಾ ಎಷ್ಟು, ಸರಾಸರಿ ಬ್ಯಾಲೆನ್ಸ್ ಎಷ್ಟು ನೋಡತ್ತೆ, ಎರಡರಲ್ಲಿ ಯಾವ್ದು ಜಾಸ್ತಿನೋ ಅದರ ಶೇಕಡಾ 20 ಮೊದಲನೇ ಕಂತು. ಆಮೇಲೆ ಪ್ರತಿ ತಿಂಗಳು ಹಿಂದಿನ ತಿಂಗಳು ಖಾತೆಗೆ ಬಂದ ದುಡ್ಡಲ್ಲಿ ಶೇಕಡಾ 20. ಖಾತೇಲಿ 10 ಡಾಲರಿಗಿಂತ ಜಾಸ್ತಿ ಇದ್ದಾಗೆಲ್ಲ ಜೈಲಿನೋರು ಅದನ್ನ ಕೋರ್ಟಿಗೆ ಕಳಿಸ್ತಾ ಇರಬೇಕು, 350 ಮುಗಿಯೋವರೆಗೂ. ಖಾತೇಲಿ ಸೊನ್ನೆ ಇದ್ರೆ ಕೇಸ್ ಹಾಕೋದನ್ನ ತಡೆಯೋ ಹಾಗಿಲ್ಲ ಅಂತ ಕಾನೂನಲ್ಲೇ ಒಂದು ಸಾಲಿದೆ, ಅದನ್ನೂ ಹೇಳಿಬಿಡ್ತೀನಿ. ಕೇಸ್ ದಾಖಲಾಗತ್ತೆ, ಸಾಲ ಮಾತ್ರ ತಲೆ ಮೇಲೆ ಕೂತಿರತ್ತೆ.

ಈಗ ಒಂದು ಲೆಕ್ಕ ಹಾಕಿ ನೋಡಿ. ಫೆಡರಲ್ ಜೈಲುಗಳಲ್ಲಿ ಅಡುಗೆಮನೆ, ಕಸಗುಡಿಸೋದು, ಪ್ಲಂಬಿಂಗ್ ಥರದ ಮಾಮೂಲಿ ಕೆಲಸಕ್ಕೆ ಕೂಲಿ ಗಂಟೆಗೆ 12 ಸೆಂಟ್‌ನಿಂದ 40 ಸೆಂಟ್. ಡಾಲರ್ ಅಲ್ಲ, ಸೆಂಟು. ಒಬ್ಬ ತಿಂಗಳಿಗೆ ನೂರು ಗಂಟೆ 12 ಸೆಂಟಿಗೆ ದುಡಿದ ಅಂತಿಟ್ಕೊಳಿ, ಬರೋದು 12 ಡಾಲರ್. ಅದರಲ್ಲಿ ಶೇಕಡಾ 20 ಅಂದ್ರೆ 2 ಡಾಲರ್ 40 ಸೆಂಟು. ಹಾಗೆ 350 ತೀರಿಸೋಕೆ 12 ವರ್ಷ ಬೇಕು. ಒಂದು ಕೇಸಿಗೆ! ಟೆಕ್ಸಾಸ್, ಜಾರ್ಜಿಯಾ, ಅರ್ಕಾನ್ಸಾ ಥರದ ರಾಜ್ಯಗಳಲ್ಲಂತೂ ಜೈಲಿನ ಬಹುತೇಕ ಕೆಲಸಕ್ಕೆ ಕೂಲಿನೇ ಇಲ್ಲ, ಬಿಟ್ಟಿ ದುಡಿಮೆ.

ಹಾಗಾದ್ರೆ ಆ ದುಡ್ಡು ಬರೋದೆಲ್ಲಿಂದ? ಮನೆಯಿಂದ. ಹೊರಗೆ ಅವನ ಅಮ್ಮ ತಿಂಗಳಿಗೆ 50 ಡಾಲರ್ ಕಳಿಸ್ತಾಳೆ ಅಂತಿಟ್ಕೊಳಿ, ಸೋಪು, ಹಲ್ಲುಪುಡಿ, ನೂಡಲ್ಸು, ಅಂಚೆಚೀಟಿ ತಗೋಳಪ್ಪ ಅಂತ. ಅದರಲ್ಲಿ 10 ಡಾಲರ್ ಕೋರ್ಟಿಗೆ. ಮೊದಲನೇ ಕಂತು 10, ಆಮೇಲೆ ಮಿಕ್ಕಿದ 340ಕ್ಕೆ 34 ತಿಂಗಳು. ಸುಮಾರು ಮೂರು ವರ್ಷ ಆ ತಾಯಿ ಕೋರ್ಟ್ ಫೀ ಕಟ್ತಾಳೆ, ಅವಳು ಯಾವ ಕೇಸನ್ನೂ ಹಾಕಿಲ್ಲ. ಇದರ ಜೊತೆ ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ, ಮಕ್ಕಳ ಜೀವನಾಂಶ, ಎಷ್ಟೋ ಕಡೆ ಜೈಲು ಡಾಕ್ಟರನ್ನ ನೋಡೋ ಫೀಸು, ಇವೂ ಅದೇ ಖಾತೆಯಿಂದಾನೇ ಹೋಗೋದು. ನಾನು ಈ ಕಾನೂನಿನ ಬಗ್ಗೆ ಓದಿದ್ರಲ್ಲಿ ನನ್ನನ್ನ ಅತಿ ಹೆಚ್ಚು ಕಾಡಿದ್ದು ಇದೇ ಕಣ್ರೀ, ತಪ್ಪು ಮಾಡಿದೋನಿಗೆ ಹಾಕಿದ ಬರೆ ಅಂತ ಕಾಣಿಸಿದ್ರೂ ಅದು ಬೀಳೋದು ಹೊರಗೆ ಎರಡೆರಡು ಕಡೆ ಕೆಲಸ ಮಾಡಿ ದುಡ್ಡು ಹೊಂದಿಸೋ ಹೆಂಗಸರ ಮೇಲೆ.

ಒಂದಕ್ಕಿಂತ ಜಾಸ್ತಿ ಕೇಸ್ ಇದ್ರೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಬ್ರೂಸ್ ವರ್ಸಸ್ ಸ್ಯಾಮ್ಯುಯೆಲ್ಸ್, 2016ರ ಜನವರಿ. ಒಂದರ ಸಾಲ ತೀರಿದ ಮೇಲೆ ಇನ್ನೊಂದು ಶುರು ಮಾಡ್ಬೇಕಾ, ಇಲ್ಲ ಎಲ್ಲ ಕೇಸಿಗೂ ಒಟ್ಟೊಟ್ಟಿಗೆ ತಲಾ 20 ಪರ್ಸೆಂಟ್ ಮುರೀಬೇಕಾ ಅನ್ನೋದು ವಿಷಯ. ತಲಾ 20 ಅಂತ ತೀರ್ಪು ಬಂತು, ಬರೆದಿದ್ದು ರೂತ್ ಬೇಡರ್ ಗಿನ್ಸ್‌ಬರ್ಗ್, ಒಬ್ಬ ಜಡ್ಜೂ ಭಿನ್ನಮತ ಹೇಳಲಿಲ್ಲ. ಕಾನೂನಿನ ಅಕ್ಷರ ಹಿಡಿದು ನೋಡಿದ್ರೆ ಅವರು ಹೇಳಿದ್ದು ಸರೀನೇ ಇರಬಹುದು, ನಾನು ಕಾನೂನು ಕಲಿತೋಳಲ್ಲ, ಆದ್ರೆ ಫಲ ಏನಾಯ್ತು ನೋಡಿ. ಎರಡು ಕೇಸಿದ್ರೆ ಆ 50ರಲ್ಲಿ 20 ಹೋಗತ್ತೆ, ಮೂರಿದ್ರೆ 30, ಐದಿದ್ರೆ ಬಂದಿದ್ದೆಲ್ಲ ಕೋರ್ಟಿಗೆ, 10 ಡಾಲರ್ ತಳದಲ್ಲಿ ಉಳಿಸಿ. ಕೆಳಗೆ ಸೋತು ಅಪೀಲು ಹೋದ್ರೆ ಅದಕ್ಕೆ ಬೇರೆ ಫೀ, ಈಗ 605 ಡಾಲರ್, ಅದೂ ಇದೇ ಥರ ಪೂರ್ತಿ ಕಂತಲ್ಲಿ ವಸೂಲಿ. ಅಂದ್ರೆ ಒಂದೇ ವಿಷಯಕ್ಕೆ ಕೆಳಗೂ ಮೇಲೂ ಹೋದ್ರೆ 955 ಡಾಲರ್ ಸಾಲ. ಕೋರ್ಟಿಗೆ ಹೋದ್ರೆ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಹೇಳ್ತಿದ್ದಿದ್ದು ಆಸ್ತಿ ಜಗಳದೋರಿಗೆ, ಆದ್ರೆ ಅಕ್ಷರಶಃ ಅನ್ವಯ ಆಗೋದು ಇಲ್ಲಿ.

ಯಾಕೆ ಇಂಥ ಕಾನೂನು ತಂದ್ರು? ತೊಂಬತ್ತರ ದಶಕದಲ್ಲಿ ಇಲ್ಲಿ ಕೈದಿಗಳ ಕೇಸು ವಿಪರೀತ ಆಗ್ತಿದೆ, ಎಲ್ಲ ಕೆಲಸಕ್ಕೆ ಬಾರದವು, ತೆರಿಗೆ ಕಟ್ಟೋರ ದುಡ್ಡು ಹಾಳು ಅನ್ನೋ ಕೂಗು ಜೋರಾಗಿತ್ತು. ಸೆನೆಟಲ್ಲಿ ಬಾಬ್ ಡೋಲ್, ಜಾನ್ ಕೈಲ್, ಆರಿನ್ ಹ್ಯಾಚ್ ಥರದೋರು ಈ ಮಸೂದೆ ಹಿಂದೆ ನಿಂತ್ರು. ಅವಾಗ ಎಲ್ಲರ ಬಾಯಲ್ಲೂ ಓಡಾಡಿದ ಒಂದು ಉದಾಹರಣೆ ಪೀನಟ್ ಬಟರ್ ಕೇಸು. ಒಬ್ಬ ಕೈದಿ ತನಗೆ ಕಡ್ಲೆಕಾಯಿ ಚೂರಿರೋ ಪೀನಟ್ ಬಟರ್ ಬೇಕಿತ್ತು, ನುಣ್ಣಗಿರೋದು ಕೊಟ್ಬಿಟ್ರು ಅಂತ ಸರ್ಕಾರದ ಮೇಲೆ ಕೇಸ್ ಹಾಕಿದಾನೆ ಅಂತ. ಇದನ್ನ ಕೇಳಿದ ಯಾರಿಗೆ ತಾನೇ ಸಿಟ್ಟು ಬರಲ್ಲ? ಆದ್ರೆ ನ್ಯೂಯಾರ್ಕಿನ ಸೆಕೆಂಡ್ ಸರ್ಕ್ಯೂಟ್ ಅಪೀಲು ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಜಾನ್ ನ್ಯೂಮನ್ ಅನ್ನೋರು ಆ ಕಡತಾನೇ ತರಿಸಿ ಓದಿದ್ರು, ಓದಿ 1996ರಲ್ಲಿ ಲೇಖನ ಬರೆದ್ರು. ಅಸಲಿ ವಿಷಯ ಏನಂದ್ರೆ, ಆ ಮನುಷ್ಯ ಜೈಲ್ ಕ್ಯಾಂಟೀನಲ್ಲಿ ಎರಡು ಡಬ್ಬಿ ಆರ್ಡರ್ ಮಾಡಿದ್ದ, ಅದ್ರಲ್ಲಿ ತಪ್ಪು ಬಂದಿದ್ದನ್ನ ವಾಪಸ್ ಕೊಟ್ಟ, ಗಾರ್ಡ್ ಕೂಡ ತಕರಾರಿಲ್ಲದೆ ವಾಪಸ್ ತಗೊಂಡ, ಸರಿ ಮಾಡ್ತೀವಿ ಅಂದ್ರು. ಅಷ್ಟರಲ್ಲಿ ಅವನನ್ನ ಬೇರೆ ಜೈಲಿಗೆ ಸಾಗಿಸಿದ್ರು. ಡಬ್ಬೀನೂ ಬರಲಿಲ್ಲ, ಖಾತೆಯಿಂದ ಮುರ್ಕೊಂಡಿದ್ದ 2 ಡಾಲರ್ 50 ಸೆಂಟೂ ವಾಪಸ್ ಬರಲಿಲ್ಲ. ಕೇಸ್ ಆ ದುಡ್ಡಿಗೆ. ಗಂಟೆಗೆ 12 ಸೆಂಟ್ ದುಡಿಯೋನಿಗೆ ಎರಡೂವರೆ ಡಾಲರ್ ಅಂದ್ರೆ ಇಪ್ಪತ್ತು ಗಂಟೆಗಿಂತ ಜಾಸ್ತಿ ದುಡಿಮೆ. ಫೆಡರಲ್ ಕೋರ್ಟಿಗೆ ಒಯ್ಯೋ ಅಷ್ಟು ದೊಡ್ಡ ವಿಷಯಾನಾ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಆದ್ರೆ ಅದು ರುಚಿಯ ಜಗಳ ಆಗಿರಲಿಲ್ಲ. ಜೈಲಲ್ಲಿ ಸಲಾಡ್ ಬಾರ್ ಇಲ್ಲ ಅಂತ ಕೇಸ್ ಹಾಕಿದಾರೆ ಅಂತ ಇನ್ನೊಂದು ಕಥೆ ಹಬ್ಬಿತ್ತು, ಅದನ್ನೂ ನ್ಯೂಮನ್ ತೆಗೆದು ನೋಡಿದ್ರೆ ಆ ದೂರಿನ ಮುಖ್ಯ ವಿಷಯ ಜೈಲು ಕಿಕ್ಕಿರಿದು ತುಂಬಿರೋದು, ಗಾಳಿ ಸರಿಯಾಗಿ ಆಡದಿರೋದು, ಸಲಾಡ್ ಮಾತು ಅದರೊಳಗೆ ಎಲ್ಲೋ ಒಂದು ಕಡೆ. ಇಂಥ ಅರ್ಧಂಬರ್ಧ ಕಥೆಗಳ ಮೇಲೆ ಒಂದು ದೇಶದ ಕಾನೂನು ನಿಂತುಬಿಡ್ತು, ಮೂವತ್ತು ವರ್ಷದ ಹತ್ರ ಆಯ್ತು, ಇನ್ನೂ ನಿಂತಿದೆ.

ಕೇಸುಗಳು ಕಮ್ಮಿ ಆದ್ವಾ ಅಂದ್ರೆ ಆದ್ವು. 1995ರಲ್ಲಿ ಜೈಲಿನ ಸ್ಥಿತಿಗತಿ ಮೇಲೆ ಕೈದಿಗಳು ಹಾಕಿದ ಫೆಡರಲ್ ಸಿವಿಲ್ ಕೇಸು ಸುಮಾರು 39 ಸಾವಿರ, 2001ರ ಹೊತ್ತಿಗೆ 22 ಸಾವಿರದ ಆಸುಪಾಸು, ಅದೂ ಆ ವರ್ಷಗಳಲ್ಲಿ ಕೈದಿಗಳ ಸಂಖ್ಯೆ ಏರ್ತಾನೇ ಇದ್ದಾಗ. ಮಾರ್ಗೋ ಶ್ಲಾಂಗರ್ ಅಂತ ಒಬ್ರು ಕಾನೂನು ಪ್ರೊಫೆಸರ್ ಈ ಲೆಕ್ಕಗಳನ್ನ ವರ್ಷಗಟ್ಟಲೆ ಕೂತು ತೆಗೆದಿದಾರೆ. ಅವರು ಎತ್ತಿದ ಪ್ರಶ್ನೆ ನಂಗೆ ತುಂಬ ಹಿಡಿಸ್ತು. ಫೀ ಅನ್ನೋದು ಜೊಳ್ಳು ತೂರಿ ಕಾಳು ಉಳಿಸೋ ಮೊರ ಆಗಿದ್ದಿದ್ರೆ ಉಳಿದ ಕೇಸುಗಳಲ್ಲಿ ಗೆಲ್ಲೋ ಪ್ರಮಾಣ ಜಾಸ್ತಿ ಆಗಬೇಕಿತ್ತಲ್ವಾ? ಆಗಲಿಲ್ಲ. ಅಂದ್ರೆ ಜೊಳ್ಳಿನ ಜೊತೆ ಕಾಳೂ ಹೋಯ್ತು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರು ಅಂತಾರಲ್ಲ, ಕೆಲವರು ಸುಮ್ಸುಮ್ನೆ ಕೇಸ್ ಹಾಕ್ತಾರೆ ಅಂತ ಎಲ್ಲರಿಗೂ ಬರೆ.

ಅದೂ ಅಲ್ದೆ ಜೊಳ್ಳು ತೆಗೆಯೋಕೆ ಬೇರೆ ದಾರಿ ಅದೇ ಕಾನೂನಲ್ಲಿದೆ. ಕೈದಿ ಹಾಕಿದ ಪ್ರತಿ ದೂರನ್ನೂ ಎದುರುಪಾರ್ಟಿಗೆ ನೋಟಿಸ್ ಹೋಗೋಕೆ ಮುಂಚೇನೇ ಜಡ್ಜ್ ಓದಿ, ಹುರುಳಿಲ್ಲ ಅನ್ನಿಸಿದ್ರೆ ಅಲ್ಲೇ ವಜಾ ಮಾಡಬಹುದು. ಇದನ್ನ ನಾನು ವಿರೋಧ ಮಾಡಲ್ಲ, ಮಾಡ್ಲಿ, ಯಾಕಂದ್ರೆ ಅಲ್ಲಿ ಕನಿಷ್ಠ ಒಬ್ಬರು ಓದ್ತಾರೆ, ಓದಿ ಕಾರಣ ಬರೀತಾರೆ. ಫೀ ಏನೂ ಓದಲ್ಲ. ಬೆನ್ನು ಮುರಿಯೋ ಹಾಗೆ ಹೊಡೆದ್ರು ಅನ್ನೋ ದೂರಿಗೂ 350, ಇನ್ಸುಲಿನ್ ಕೊಡ್ತಿಲ್ಲ ಅನ್ನೋ ದೂರಿಗೂ 350, ನಿಜವಾಗ್ಲೂ ಹುರುಳಿಲ್ಲದ ದೂರಿಗೂ 350. ಮತ್ತೆ ಮೊದಲನೇ ವಾರದಲ್ಲೇ ಜಡ್ಜ್ ವಜಾ ಮಾಡಿದ್ರೂ ಸಾಲ ಹೋಗಲ್ಲ, ದಾಖಲಾದ ಕ್ಷಣಾನೇ ಸಾಲ ಹುಟ್ಟಿರತ್ತೆ. ನಮಗೆ ಕಾಗದ ಬರೆದ ಆ ಮನುಷ್ಯನ ಪ್ರಶ್ನೆಗೆ ಉತ್ತರ ಇದೇ ಆಗಿತ್ತು, ಕೇಸ್ ಮುಗಿಯೋದಕ್ಕೂ ಕಂತು ಮುಗಿಯೋದಕ್ಕೂ ಸಂಬಂಧ ಇಲ್ಲ ಅಂತ. ಅದನ್ನ ಬರೆದು ಕಳಿಸೋಕೆ ಕೈ ಓಡಲಿಲ್ಲ.

ಇನ್ನು ಮೂರು ಸ್ಟ್ರೈಕ್ ನಿಯಮ, ಸ್ಟ್ರೈಕ್ ಅಂದ್ರೆ ಇಲ್ಲಿ ಹೆಸರಿಗೆ ಬೀಳೋ ಒಂದು ಕಪ್ಪುಚುಕ್ಕೆ. ಹಿಂದೆ ಹಾಕಿದ ಮೂರು ಕೇಸೋ ಅಪೀಲೋ ಹುರುಳಿಲ್ಲ, ದುರುದ್ದೇಶ, ಇಲ್ಲ ಕಾನೂನು ಪ್ರಕಾರ ದಾವೆಗೆ ಆಧಾರ ಇಲ್ಲ ಅಂತ ವಜಾ ಆಗಿದ್ರೆ, ನಾಲ್ಕನೇದಕ್ಕೆ ಕಂತಿನ ಸೌಲಭ್ಯಾನೂ ಇಲ್ಲ. 405 ಡಾಲರ್ ಒಂದೇ ಸಲ ಎಣಿಸಬೇಕು. ಮೂರನೇ ಕಾರಣ ನೋಡಿ, ದಾವೆಗೆ ಆಧಾರ ಇಲ್ಲ ಅನ್ನೋದು. ವಕೀಲರಿಲ್ಲದೆ, ಹೈಸ್ಕೂಲು ಮುಗಿಸದೋರು ಎಷ್ಟೋ ಜನ ಡಿಕ್ಷನರಿ ಇಟ್ಕೊಂಡು ಬರೆದ ದೂರು ತಾಂತ್ರಿಕವಾಗಿ ಬಿದ್ದುಹೋಗೋದು ಏನು ಆಶ್ಚರ್ಯ, ಹೊರಗೆ ದೊಡ್ಡ ಲಾಯರುಗಳು ಬರೆದಿದ್ದೇ ಬೀಳತ್ತೆ. ಆದ್ರೆ ಅದೂ ಸ್ಟ್ರೈಕೇ. 2015ರಲ್ಲಿ ಕೋಲ್ಮನ್ ವರ್ಸಸ್ ಟೊಲೆಫ್ಸನ್ ಕೇಸಲ್ಲಿ ಸುಪ್ರೀಂ ಕೋರ್ಟಿನೋರು, ವಜಾ ಆಗಿದ್ದರ ಮೇಲೆ ಅಪೀಲು ಇನ್ನೂ ಬಾಕಿ ಇದ್ರೂ ಅದು ಲೆಕ್ಕಕ್ಕೆ ಬರತ್ತೆ ಅಂದ್ರು. 2020ರಲ್ಲಿ ಲೋಮ್ಯಾಕ್ಸ್ ಕೇಸಲ್ಲಿ, ಬೇಕಿದ್ರೆ ಮತ್ತೆ ಹೊಸದಾಗಿ ಕೇಸ್ ಹಾಕ್ಕೋಬಹುದು ಅನ್ನೋ ಥರ ವಜಾ ಮಾಡಿದ್ರೂ ಲೆಕ್ಕಕ್ಕೆ ಬರತ್ತೆ ಅಂದ್ರು. ಇದಕ್ಕೆ ಒಂದೇ ವಿನಾಯ್ತಿ, ಮೈಗೆ ಗಂಭೀರ ಗಾಯ ಆಗೋ ಅಪಾಯ ಈಗಲೇ ಎದುರಿಗಿರಬೇಕು. ಈಗಲೇ ಅಂದ್ರೆ ಕೇಸ್ ಹಾಕೋ ಹೊತ್ತಿಗೆ. ಹೋದ ತಿಂಗಳು ಹೊಡೆದಿದ್ರು, ಈಗ ನಿಲ್ಲಿಸಿದಾರೆ ಅಂದ್ರೆ ಆ ವಿನಾಯ್ತಿ ಸಿಗೋದು ಕಷ್ಟ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾನೂನಿನ ಕೈದಿ ಅನ್ನೋದ್ರಲ್ಲಿ ಶಿಕ್ಷೆ ಆದೋರಷ್ಟೇ ಅಲ್ಲ, ಆರೋಪ ಹೊತ್ತು ಒಳಗಿರೋರೂ ಸೇರ್ತಾರೆ. ಅಂದ್ರೆ ನಮ್ಮಲ್ಲಿ ವಿಚಾರಣಾಧೀನ ಕೈದಿ ಅಂತೀವಲ್ಲ ಅವರು. ಜಾಮೀನಿಗೆ ದುಡ್ಡಿಲ್ಲದೆ ಕೌಂಟಿ ಜೈಲಲ್ಲಿ (ನಮ್ಮ ಜಿಲ್ಲಾ ಜೈಲಿನ ಥರದ್ದು) ಕೂತಿರೋನು ಇನ್ನೂ ಅಪರಾಧಿ ಅಂತ ಯಾರೂ ಹೇಳಿಲ್ಲ, ಅವನಿಗೆ ಅಲ್ಲಿ ಗಾರ್ಡ್ ಹೊಡೆದ್ರೆ ಅವನು ಕಟ್ಟೋದೂ ಪೂರ್ತಿ ಫೀನೇ. ಅದೇ ಅಪರಾಧದ ಆರೋಪಿ, ಜಾಮೀನಿಗೆ ದುಡ್ಡಿದ್ದು ಹೊರಗೆ ಬಂದು, ಆಮೇಲೆ ಖಾಲಿ ಕೈ ಅಂತ ಅಫಿಡವಿಟ್ ಕೊಟ್ಟು ಕೇಸ್ ಹಾಕಿದ್ರೆ ಅವನಿಗೆ ಮಾಫಿ ಸಿಗಬಹುದು. ವೀಸಾ ಸಮಸ್ಯೆಯಿಂದ ಇಮಿಗ್ರೇಷನ್ ಬಂಧನದಲ್ಲಿರೋರು ಮಾತ್ರ ಈ ಕಾನೂನಿನ ಕೈದಿಗಳಲ್ಲ ಅಂತ ಅಪೀಲು ಕೋರ್ಟುಗಳು ಹೇಳಿವೆ, ಅವರದ್ದು ಅಪರಾಧದ ಬಂಧನ ಅಲ್ಲ ಅಂತ. ಇಲ್ಲಿರೋ ನಮ್ಮೋರಿಗೆ ಇದು ಗೊತ್ತಿರಲಿ ಅಂತ ಹೇಳ್ದೆ. ಹಾಗೇ, ನನ್ನ ಬಂಧನಾನೇ ಅಕ್ರಮ ಅಂತ ಹಾಕೋ ಹೇಬಿಯಸ್ ಕಾರ್ಪಸ್ ಅರ್ಜಿ ಬೇರೆ, ಅದರ ಫೀ 5 ಡಾಲರ್ ಅಷ್ಟೇ. ನಾನು ಹೇಳ್ತಿರೋದೆಲ್ಲ ಜೈಲೊಳಗಿನ ಹಿಂಸೆ, ಚಿಕಿತ್ಸೆ, ಊಟ, ಧರ್ಮ ಇಂಥವುಗಳ ಮೇಲಿನ ಕೇಸಿನ ವಿಷಯ.

ಇದರ ಪರ ಮಾತಾಡೋರ ವಾದಾನೂ ನಾನು ಓದಿದೀನಿ. ಹೊರಗಿರೋ ಮನುಷ್ಯ ಕೇಸ್ ಹಾಕೋಕೆ ಮುಂಚೆ ಹತ್ತು ಸಲ ಯೋಚನೆ ಮಾಡ್ತಾನೆ, ಖರ್ಚಿದೆ, ಕೆಲಸಕ್ಕೆ ರಜೆ ಹಾಕಬೇಕು. ಒಳಗಿರೋನಿಗೆ ಊಟ ವಸತಿ ಸರ್ಕಾರದ್ದು, ಸಮಯ ಬೇಕಾದಷ್ಟಿದೆ, ಹಾಗಾಗಿ ಅವನಿಗೂ ಸ್ವಲ್ಪ ಬಿಸಿ ಮುಟ್ಟಲಿ ಅಂತ. ಮೇಲ್ನೋಟಕ್ಕೆ ಸರಿ ಅನ್ಸತ್ತೆ. ಆದ್ರೆ ಹೊರಗಿರೋನಿಗೆ ಬೇರೆ ದಾರಿಗಳಿವೆ ರೀ. ಡಾಕ್ಟರ್ ಸರಿ ಇಲ್ಲ ಅಂದ್ರೆ ಬೇರೆ ಡಾಕ್ಟರ್ ಹತ್ರ ಹೋಗ್ತಾನೆ, ಓನರ್ ಕಾಟ ಕೊಟ್ರೆ ಮನೆ ಬಿಡ್ತಾನೆ, ಪೇಪರಿಗೆ ಹೋಗ್ತಾನೆ, ಕಾರ್ಪೊರೇಟರ್ ಮನೆ ಬಾಗಿಲು ತಟ್ತಾನೆ. ಒಳಗಿರೋನಿಗೆ ಡಾಕ್ಟರ್ ಒಬ್ಬನೇ, ಜಾಗ ಒಂದೇ, ಅವನ ಫೋನು ಕೇಳಿಸ್ಕೊಳ್ತಾರೆ, ಕಾಗದ ಒಡೆದು ನೋಡ್ತಾರೆ. ಅವನಿಗಿರೋದು ಕೋರ್ಟ್ ಒಂದೇ. ಅಲ್ಲಿಗೆ ಹೋಗೋಕೂ ಮೊದಲು ಜೈಲಿನ ಒಳಗಿನ ದೂರು ವ್ಯವಸ್ಥೆಯ ಎಲ್ಲ ಹಂತ ಮುಗಿಸಿರಬೇಕು, ಅದೂ ಅವರು ಹೇಳಿದ ಗಡುವಿನೊಳಗೆ. ಕ್ಯಾಲಿಫೋರ್ನಿಯಾದಲ್ಲಿ 15 ಕೆಲಸದ ದಿನ ಇದ್ದಿದ್ದನ್ನ ಒಬ್ಬ ತಪ್ಪಿಸ್ಕೊಂಡಿದ್ದಕ್ಕೆ 2006ರಲ್ಲಿ ವುಡ್‌ಫರ್ಡ್ ವರ್ಸಸ್ ಎನ್‌ಗೋ ತೀರ್ಪಲ್ಲಿ ಸುಪ್ರೀಂ ಕೋರ್ಟು ಅವನಿಗೆ ಬಾಗಿಲು ಮುಚ್ತು.

ಒಂದು ಕಾಲದಲ್ಲಿ ಇದೇ ಕೋರ್ಟು ಬೇರೆ ಥರ ಮಾತಾಡಿತ್ತು. ಅಯೋವಾ ರಾಜ್ಯದಲ್ಲಿ ಕೈದಿಯ ಹೇಬಿಯಸ್ ಅರ್ಜಿಗೆ 4 ಡಾಲರ್ ಫೀ ಇತ್ತು, ಕಟ್ಟೋಕಾಗದೋರ ಅರ್ಜಿ ತಗೋತಾನೇ ಇರಲಿಲ್ಲ. 1961ರಲ್ಲಿ ಸ್ಮಿತ್ ವರ್ಸಸ್ ಬೆನೆಟ್ ಕೇಸಲ್ಲಿ ಅದು ಸಮಾನತೆಗೆ ವಿರುದ್ಧ ಅಂತ ಹೊಡೆದು ಹಾಕಿದ್ರು. ನಾಲ್ಕೇ ಡಾಲರಿಗೆ! ಆಮೇಲೆ 1976ರ ಎಸ್ಟೆಲ್ ವರ್ಸಸ್ ಗ್ಯಾಂಬಲ್. ಟೆಕ್ಸಾಸಿನ ಒಬ್ಬ ಕೈದಿ ಲಾರಿಯಿಂದ ಹತ್ತಿ ಇಳಿಸ್ತಿದ್ದಾಗ ಹತ್ತಿಮೂಟೆ ಮೈಮೇಲೆ ಬಿದ್ದು ಬೆನ್ನು ಹೋಯ್ತು, ಸರಿಯಾಗಿ ಚಿಕಿತ್ಸೆ ಕೊಡಲಿಲ್ಲ ಅಂತ ಕೈಯಲ್ಲೇ ದೂರು ಬರೆದ. ಅವನು ವೈಯಕ್ತಿಕವಾಗಿ ಗೆಲ್ಲಲಿಲ್ಲ. ಆದ್ರೆ ಕೈದಿಯ ಗಂಭೀರ ಕಾಯಿಲೆಯನ್ನ ಬೇಕಂತ ಕಡೆಗಣಿಸೋದು ಸಂವಿಧಾನಕ್ಕೆ ವಿರುದ್ಧದ ಕ್ರೂರ ಶಿಕ್ಷೆ ಅನ್ನೋ ತತ್ವ ಹುಟ್ಟಿದ್ದು ಆ ಕೇಸಿಂದ, ಇವತ್ತಿಗೂ ಅಮೆರಿಕದ ಜೈಲುಗಳಲ್ಲಿ ಡಾಕ್ಟರ್ ಬರ್ತಾರೆ ಅಂದ್ರೆ ಅದಕ್ಕೆ ಈ ಕೇಸಿನ ಹಂಗಿದೆ. ಇನ್ನೂ ಹತ್ತಿರದ್ದು ಅಂದ್ರೆ 2015ರ ಹೋಲ್ಟ್ ವರ್ಸಸ್ ಹಾಬ್ಸ್. ಅರ್ಕಾನ್ಸಾದ ಒಬ್ಬ ಮುಸ್ಲಿಂ ಕೈದಿ ತನ್ನ ಧರ್ಮದ ಪ್ರಕಾರ ಅರ್ಧ ಇಂಚು ಗಡ್ಡ ಬಿಡೋಕೆ ಅವಕಾಶ ಕೊಡಿ ಅಂತ ಕೇಳಿದ, ಸುಪ್ರೀಂ ಕೋರ್ಟಿಗೂ ಅರ್ಜಿ ಕೈಯಲ್ಲೇ ಬರೆದು ಕಳಿಸಿದ, ಒಂಬತ್ತಕ್ಕೆ ಒಂಬತ್ತೂ ಜಡ್ಜುಗಳು ಅವನ ಪರ ನಿಂತ್ರು. ಆ ಕೇಸನ್ನ ಕೆಳಗಿನ ಕೋರ್ಟು ದಾವೆಗೆ ಆಧಾರ ಇಲ್ಲ ಅಂತ ವಜಾ ಮಾಡಿತ್ತು, ಗೊತ್ತಾ? ಅಂದ್ರೆ ಯಾವ ಮಾತಿಗೆ ಸ್ಟ್ರೈಕ್ ಬೀಳತ್ತೋ ಅದೇ ಮಾತು ಹೇಳಿ ಕಳಿಸಿದ್ದ ಕೇಸು ಮೇಲೆ ಹೋಗಿ ಅವಿರೋಧವಾಗಿ ಗೆಲ್ತು. ದುಡ್ಡಿನ ಯೋಚನೆ ಮಾಡಿ ಅಪೀಲು ಬಿಟ್ಟುಬಿಟ್ಟೋರ ಕೇಸುಗಳು ಎಲ್ಲಿಗೂ ತಲುಪಲ್ಲ, ಯಾವ ತೀರ್ಪಿನ ಪುಸ್ತಕದಲ್ಲೂ ಇರಲ್ಲ.

ನಮ್ಮ ದೇಶದಲ್ಲಿ ಹೇಗೆ ಅಂತ ಊರಿನ ಗೆಳತಿ ಒಬ್ಬಳು, ಅವಳು ಜಿಲ್ಲಾ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಾಳೆ, ಅವಳನ್ನ ಕೇಳ್ದೆ. ಕಾಗದದ ಮೇಲೆ ನಮ್ಮದು ಎಷ್ಟೋ ಉದಾರ. ಬ್ರಿಟಿಷರ ಕಾಲದ 1870ರ ಕೋರ್ಟ್ ಫೀ ಕಾಯ್ದೆಯ 19ನೇ ಸೆಕ್ಷನ್ನಲ್ಲೇ ಕೈದಿ ಕೊಡೋ ಅರ್ಜಿಗೆ ಫೀ ಇಲ್ಲ ಅಂತಿದೆ. ಪರಿಹಾರ ಕೇಳಿ ಪೂರ್ಣ ಸಿವಿಲ್ ದಾವೆ ಹಾಕೋದಾದ್ರೆ ಕರ್ನಾಟಕದಲ್ಲಿ ಕೇಳೋ ಮೊತ್ತ ಏರಿದ ಹಾಗೆ ಫೀನೂ ಏರತ್ತೆ, ಆದ್ರೆ ಸಿಪಿಸಿ, ಅಂದ್ರೆ ಸಿವಿಲ್ ದಾವೆ ನಡೆಸೋ ರೀತಿ ಹೇಳೋ ಕಾಯ್ದೆ, ಅದರ 33ನೇ ಆರ್ಡರ್ ಪ್ರಕಾರ ನಿರ್ಗತಿಕ ಅಂತ ಅನುಮತಿ ಸಿಕ್ರೆ ಮೊದಲೇ ಕಟ್ಟಬೇಕಾಗಿಲ್ಲ, ಕೊನೇಲಿ ಸೋತ್ರೆ ಕಟ್ಟು ಅಂತ ಆದೇಶ ಆಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರೋ ಯಾರಿಗಾದ್ರೂ ಉಚಿತ ವಕೀಲರು ಸಿಗಬೇಕು. ಇದೆಲ್ಲಕ್ಕಿಂತ ದೊಡ್ಡದು ಅಂದ್ರೆ ಒಂದು ಕಾಗದ. ತಿಹಾರ್ ಜೈಲಲ್ಲಿದ್ದ ಸುನಿಲ್ ಬಾತ್ರಾ ಅನ್ನೋ ಕೈದಿ, ಪಕ್ಕದ ಇನ್ನೊಬ್ಬ ಕೈದಿಗೆ ವಾರ್ಡರ್ ದುಡ್ಡಿಗೋಸ್ಕರ ಚಿತ್ರಹಿಂಸೆ ಕೊಟ್ಟಿದ್ದನ್ನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಕಾಗದ ಬರೆದು ತಿಳಿಸಿದ. ಆ ಕಾಗದಾನೇ ರಿಟ್ ಅರ್ಜಿ ಅಂತ ತಗೊಂಡ್ರು, 1979ರ ಡಿಸೆಂಬರಲ್ಲಿ ತೀರ್ಪು ಬಂತು, ಬರೆದಿದ್ದು ಕೃಷ್ಣ ಅಯ್ಯರ್. ಫೀ ಇಲ್ಲ, ಅಫಿಡವಿಟ್ ಇಲ್ಲ, ಆರು ತಿಂಗಳ ಸ್ಟೇಟ್‌ಮೆಂಟ್ ಇಲ್ಲ.

ಹಾಗಂತ ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಬಿಹಾರದ ರುದಲ್ ಸಾಹ್ 1968ರಲ್ಲಿ ಖುಲಾಸೆ ಆದೋರು, ಬಿಡುಗಡೆ ಆಗಿದ್ದು 1982ರಲ್ಲಿ. 14 ವರ್ಷ ಸುಮ್ನೆ ಒಳಗಿದ್ರು. 1983ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ ಮಧ್ಯಂತರ ಪರಿಹಾರ, ಮುಂಚೆ ಸಿಕ್ಕಿದ್ದೂ ಸೇರಿ 35 ಸಾವಿರ ರೂಪಾಯಿ. ನಮ್ಮಲ್ಲಿ ಬಾಗಿಲಿಗೆ ಟಿಕೆಟ್ ಇಲ್ಲ ಸರಿ, ಆದ್ರೆ ಒಳಗೆ ಹೋದೋರಿಗೆ ಕೂಗು ಕೇಳಿಸೋಕೆ ಎಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ, ಉಚಿತ ವಕೀಲರ ಮುಖಾನೇ ನೋಡಿಲ್ಲ ಅನ್ನೋ ವಿಚಾರಣಾಧೀನರು ಬೇಕಾದಷ್ಟು ಜನ ಇದಾರೆ ಅಂತ ನನ್ನ ಗೆಳತೀನೇ ಹೇಳ್ತಾಳೆ. ಎರಡೂ ಅನ್ಯಾಯಾನೇ, ರೀತಿ ಬೇರೆ. ಆದ್ರೆ ಬಡ ಕೈದಿ ಹತ್ರ ಫೀ ಕೇಳಬಾರದು ಅನ್ನೋ ಒಂದು ವಿಷಯದಲ್ಲಿ ನಮ್ಮ ಕಾನೂನು ಸರಿಯಾದ ಜಾಗದಲ್ಲಿ ನಿಂತಿದೆ, ಅದನ್ನ ಯಾವತ್ತೂ ಬಿಟ್ಟುಕೊಡಬಾರದು. ನಮ್ಮಲ್ಲೂ ಪಿಐಎಲ್ ಜಾಸ್ತಿ ಆಯ್ತು, ಫೀ ಹಾಕಿ, ದಂಡ ಹಾಕಿ ಅನ್ನೋ ಮಾತು ಆಗಾಗ ಕೇಳಿಬರತ್ತಲ್ಲ, ಆ ಮಾತಿಗೆ ತಲೆ ಆಡಿಸೋ ಮುಂಚೆ ಆ 34 ತಿಂಗಳ ಲೆಕ್ಕ ಒಂದ್ಸಲ ಹಾಕಿ ನೋಡಿ.

ಇಲ್ಲಿ ಅಮೆರಿಕದಲ್ಲಿ ನಿಮ್ಮ ಪರಿಚಯದೋರು ಯಾರಾದ್ರೂ ಇಂಥ ಸ್ಥಿತೀಲಿದ್ರೆ ಅಂತ ನಾನು ತಿಳ್ಕೊಂಡಿದ್ದನ್ನ ಹೇಳ್ತೀನಿ, ಕಾನೂನು ಸಲಹೆ ಅಂತಲ್ಲ, ಲಾಯರ್ ಸಿಕ್ರೆ ಮೊದಲು ಅವರನ್ನೇ ಕೇಳಿ. ಜೈಲೊಳಗಿನ ದೂರಿನ ಫಾರ್ಮನ್ನ ತಕ್ಷಣ ತುಂಬಿಸಿ ಕೊಡೋಕೆ ಹೇಳಿ, ಗಡುವು ತುಂಬ ಕಮ್ಮಿ ಇರತ್ತೆ, ಪ್ರತಿ ಹಂತದ ಉತ್ತರದ ಕಾಪಿ ಇಟ್ಕೊಳೋಕೆ ಹೇಳಿ, ಸಾಧ್ಯ ಆದ್ರೆ ಒಂದು ಪ್ರತಿ ಮನೆಗೆ ಕಳಿಸಲಿ. ಸಿಟ್ಟಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಕೇಸ್ ಹಾಕೋಕೆ ಹೋಗಬೇಡಿ, ಪ್ರತಿಯೊಂದಕ್ಕೂ ಬೇರೆ ಬೇರೆ 20 ಪರ್ಸೆಂಟ್, ಬಿದ್ರೆ ಪ್ರತಿಯೊಂದೂ ಸ್ಟ್ರೈಕು. ನೀವು ಖಾತೆಗೆ ಒಂದೇ ಸಲ ದೊಡ್ಡ ಮೊತ್ತ ಹಾಕಿದ್ರೆ ಆರು ತಿಂಗಳ ಸರಾಸರಿ ಏರಿ ಮೊದಲನೇ ಕಂತೂ ಏರತ್ತೆ ಅನ್ನೋದು ಗೊತ್ತಿರಲಿ. ಫೀ ಅರ್ಜಿಯ ಫಾರ್ಮು ಆಯಾ ಡಿಸ್ಟ್ರಿಕ್ಟ್ ಕೋರ್ಟಿನ ವೆಬ್‌ಸೈಟಲ್ಲಿ ಸಿಗತ್ತೆ, ಅದನ್ನ ಪ್ರಿಂಟ್ ಹಾಕಿ ಅಂಚೇಲಿ ಕಳಿಸಬಹುದು, ಅವರೇ ಕೋರ್ಟಿನ ಕ್ಲರ್ಕ್ ಆಫೀಸಿಗೆ ಕಾಗದ ಬರೆದು ತರಿಸ್ಕೊಳ್ಳಲೂಬಹುದು. ಕಳಿಸೋಕೆ ಮುಂಚೆ ಆ ಜೈಲಿನ ಅಂಚೆ ನಿಯಮ ನೋಡ್ಕೊಳಿ, ಕೆಲವು ಕಡೆ ಬಣ್ಣದ ಹಾಳೆ, ಸ್ಟೇಪಲ್ ಪಿನ್ನು ಇದ್ರೂ ವಾಪಸ್ ಕಳಿಸಿಬಿಡ್ತಾರೆ.